ನಂಬರ್ 31ರ ಮುಖ

ಇಂಟರ್ನ್‌ಶಿಪ್‌ಗೆ ಹೋದ ಮೊದಲ ದಿನವೇ ಎಂಟನೇ ತರಗತಿ 'ಬಿ' ವಿಭಾಗದ ಹಾಜರಾತಿ ಪುಸ್ತಕ ನನ್ನ ಕೈಗೆ ಬಂತು. ಒಟ್ಟು 42 ಹೆಸರು. ಸೂಕ್ಷ್ಮ ಬೋಧನೆಯ ದಿನಗಳಲ್ಲಿ ನನ್ನೆದುರು ಮಕ್ಕಳಂತೆ ಕೂರುತ್ತಿದ್ದವರು ಏಳೆಂಟು ಜನ ಸಹಪಾಠಿಗಳು. ಅವರ ಹೆಸರು ಕಲಿಯುವ ಕಷ್ಟವೇ ಇರಲಿಲ್ಲ. ಇಲ್ಲಿ ಎಲ್ಲರದೂ ಒಂದೇ ಬಣ್ಣದ ಸಮವಸ್ತ್ರ, ಹೆಣ್ಣುಮಕ್ಕಳಿಗೆಲ್ಲ ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಒಂದು ವಾರ ಕಳೆದರೂ "ಏಯ್, ಕಿಟಕಿ ಹತ್ತಿರ ಕೂತಿರೋಳು, ನೀನು ಹೇಳು" ಎನ್ನುವುದು ತಪ್ಪಲಿಲ್ಲ. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ "ಹೆಸರು ಹಿಡಿದು ಪ್ರಶ್ನಿಸಿ" ಎಂದು ಕೆಂಪು ಶಾಯಿಯಲ್ಲಿ ಬರೆದರು. ನನಗೆ ಗೊತ್ತಿದ್ದ ಉಪಾಯ ಒಂದೇ. ಊಟದ ಬಿಡುವಿನಲ್ಲಿ ದಿನಕ್ಕೊಂದು ಮುಖವನ್ನು, ಕೆಲವು ದಿನ ಎರಡನ್ನು, ಆ ಮಗುವನ್ನು ಕೇಳಿಕೊಂಡೇ ಪೆನ್ಸಿಲ್‌ನಲ್ಲಿ ಬರೆದು ಕೆಳಗೆ ಹೆಸರು ಬರೆಯತೊಡಗಿದೆ.

ಮುಖ ಬರೆಯುವ ಹುಚ್ಚು ನನಗೆ ಹತ್ತಿದ್ದು ಬಟ್ಟೆಯಿಂದ. ಅಮ್ಮ ಅರಸೀಕೆರೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಡಿಸೈನ್ ಪುಸ್ತಕಗಳನ್ನು ನೋಡಿ ನೋಡಿ ನಾನು ಹೈಸ್ಕೂಲಿನಲ್ಲೇ ಕತ್ತಿನ ವಿನ್ಯಾಸ, ತೋಳಿನ ಪಫ್, ಸೀರೆಯ ನೆರಿಗೆ ಬರೆಯುತ್ತಿದ್ದೆ. ಪಿ.ಯು.ಸಿ. ಆದ ಮೇಲೆ ಫ್ಯಾಷನ್ ಡಿಸೈನ್ ಓದಬೇಕೆಂಬ ಆಸೆಯಿತ್ತು. ಮನೆಯಲ್ಲಿ ಬಿ.ಎಸ್ಸಿ. ಎಂದರು, ಬಿ.ಎಸ್ಸಿ. ಆಯಿತು. ಆ ಕಥೆ ಅಷ್ಟೇ. ಆದರೆ ಫ್ಯಾಷನ್ ಚಿತ್ರ ಬರೆಯುವುದನ್ನು ನಾನು ಬಿಡಲಿಲ್ಲ. ಅದರಲ್ಲಿ ದೇಹವನ್ನು ತಲೆಯ ಅಳತೆಯಲ್ಲಿ ಎಣಿಸುತ್ತಾರೆ. ನಿಜವಾದ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಯಷ್ಟು; ಫ್ಯಾಷನ್ ಚಿತ್ರದ ಆಕೃತಿಗೆ ಒಂಬತ್ತು, ಕೆಲವೊಮ್ಮೆ ಹತ್ತು. ಹೆಚ್ಚಾದದ್ದೆಲ್ಲ ಕಾಲಿಗೆ ಹೋಗುತ್ತದೆ. ಬಟ್ಟೆ ಇಳಿಬೀಳುವುದು ಚೆನ್ನಾಗಿ ಕಾಣಲಿ ಎಂದು. ಮುಖದ ಜಾಗದಲ್ಲಿ ಒಂದು ಮೊಟ್ಟೆಯಾಕಾರ ಇದ್ದರೆ ಸಾಕು. ತುಟಿಯ ಒಂದು ಗೆರೆ ಎಳೆದರೆ ಅದೇ ದೊಡ್ಡದು.

ಒಂದು ದಿನ ಅಮ್ಮ ನನ್ನ ಪುಸ್ತಕ ತಿರುವಿ ಹಾಕುತ್ತಾ, "ಇವಳ್ಯಾರಿಗೂ ಮುಖಾನೇ ಬರ್ದಿಲ್ವಲ್ಲೇ?" ಎಂದಳು. ನಾನು ಇದು ಫ್ಯಾಷನ್ ಚಿತ್ರ, ಮುಖ ಬೇಕಿಲ್ಲ ಎಂದೆ. "ಟ್ರಯಲ್‌ಗೆ ಬಂದೋರು ಕನ್ನಡೀಲಿ ಮೊದಲು ನೋಡ್ಕಳೋದೇ ಮುಖ. ಆಮೇಲೆ ಬಟ್ಟೆ. ಮುಖಕ್ಕೆ ಒಪ್ಪಲಿಲ್ಲ ಅಂದ್ರೆ ನಾನು ಎಷ್ಟು ನೀಟಾಗಿ ಹೊಲಿದಿದ್ರೂ ಕುತ್ತಿಗೆ ಸರಿ ಇಲ್ಲ ಅಂತಾರೆ" ಎಂದು ಮತ್ತೆ ಮಷೀನ್ ತುಳಿಯತೊಡಗಿದಳು. ಅಂದಿನಿಂದ ನಾನು ಅಂಗಡಿಗೆ ಬರುವವರ ಮುಖ ನೋಡಲು ಶುರುಮಾಡಿದೆ. ಬಟ್ಟೆ ನೆಪವಾಯಿತು.

ಮುಖ ಬರೆಯುವುದು ಅಳೆಯುವುದರಿಂದ ಶುರುವಾಗುತ್ತದೆ, ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ಅದು ಸುಲಭವಾಗಿ ಹಿಡಿಸಿತು. ನೆತ್ತಿಯಿಂದ ಗಲ್ಲದವರೆಗಿನ ಉದ್ದದ ಸರಿಯಾಗಿ ಮಧ್ಯದಲ್ಲಿ ಕಣ್ಣುಗಳಿರುತ್ತವೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಹಣೆ, ಕೂದಲು ನಮಗೆ ಮುಖ್ಯವೆನಿಸದ ಕಾರಣ ಎಲ್ಲರೂ ಕಣ್ಣನ್ನು ಮೇಲಕ್ಕೇರಿಸಿ ಬರೆಯುತ್ತಾರೆ. ನಂಬದವರು ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ನೋಡಬಹುದು. ತಲೆಯ ಅಗಲ ಸುಮಾರು ಐದು ಕಣ್ಣುಗಳಷ್ಟು. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿಗಾಗುವಷ್ಟು ಜಾಗ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ. ಆದರೆ ಈ ಅಳತೆಗಳೆಲ್ಲ ಯಾರದೂ ಅಲ್ಲದ ಒಂದು ಮುಖವನ್ನು ಕೊಡುತ್ತವೆ. ಯಾವ ಮನುಷ್ಯನ ಮುಖ ಅಳತೆಗಿಂತ ಎಲ್ಲಿ, ಎಷ್ಟು ತಪ್ಪಿದೆ ಎಂದು ಕಂಡುಹಿಡಿಯುವುದೇ ಭಾವಚಿತ್ರ. ಅಲ್ಲಿ ಸ್ಕೇಲ್ ಕೆಲಸ ಮಾಡುವುದಿಲ್ಲ.

ಬಟ್ಟೆ ಮತ್ತು ಮುಖದ ಜಗಳ ದೊಡ್ಡ ಕಲಾವಿದರನ್ನೂ ಬಿಟ್ಟಿಲ್ಲ. ಜಾನ್ ಸಿಂಗರ್ ಸಾರ್ಜೆಂಟ್ 1884ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿಟ್ಟ 'ಮೇಡಂ ಎಕ್ಸ್' ಚಿತ್ರದಲ್ಲಿ ಕಪ್ಪು ಗೌನಿನ ಒಂದು ಪಟ್ಟಿ ಭುಜದಿಂದ ಜಾರಿತ್ತು. ಊರೆಲ್ಲ ಗುಲ್ಲಾಯಿತು. ಕೊನೆಗೆ ಆತ ಆ ಪಟ್ಟಿಯನ್ನು ಭುಜದ ಮೇಲಕ್ಕೆ ಏರಿಸಿ ತಿದ್ದಿ ಬರೆದ. ಆ ಚಿತ್ರದಲ್ಲಿ ಹೆಂಗಸಿನ ಮುಖ ಪೂರ್ತಿ ಪಕ್ಕಕ್ಕೆ ತಿರುಗಿದೆ, ನಮ್ಮನ್ನು ನೋಡುವುದೇ ಇಲ್ಲ. ಮೊಬೈಲಿನ ಪರದೆಯಲ್ಲಷ್ಟೇ ನೋಡಿರುವ ನನಗೆ ಆ ಮೂಗಿನ ಚೂಪು ಪಟ್ಟಿಗಿಂತ ಹೆಚ್ಚು ನೆನಪಿದೆ.

ಮತ್ತೆ ಎಂಟನೇ 'ಬಿ'ಗೆ ಬರುತ್ತೇನೆ. ಮೂರು ವಾರದಲ್ಲಿ 19 ಮುಖಗಳಾಗಿದ್ದವು. ಒಂದು ಸಂಜೆ ಪ್ರತಿಫಲನ ದಿನಚರಿ ಬರೆಯಲು ಕೂತಾಗ ಆ ಹಾಳೆಗಳನ್ನು ತರಗತಿಯ ಬೆಂಚುಗಳ ಕ್ರಮದಲ್ಲಿ ನೆಲದ ಮೇಲೆ ಜೋಡಿಸಿದೆ. ಮುಂದಿನ ಎರಡು ಸಾಲು ತುಂಬಿಹೋಯಿತು. ಮಧ್ಯದಲ್ಲಿ ಅಲ್ಲೊಂದು ಇಲ್ಲೊಂದು. ಗೋಡೆಯ ಪಕ್ಕದ ಕೊನೆಯ ಮೂರು ಬೆಂಚು ಪೂರ್ತಿ ಖಾಲಿ. ಪಾಠ ಮಾಡುವಾಗ ನನ್ನ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎನ್ನುವುದು ಹಾಗೆ ನೆಲದ ಮೇಲೆ ಬಿದ್ದಿತ್ತು. ಪಾಠಯೋಜನೆಯಲ್ಲಿ ನಾನು ದಿನವೂ 'ಎಲ್ಲ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ' ಎಂದು ಬರೆಯುತ್ತಿದ್ದೆ.

ಮರುದಿನದಿಂದ ಹಿಂದಿನಿಂದ ಶುರುಮಾಡಿದೆ. 31ನೇ ನಂಬರಿನ ಹುಡುಗಿ ಗೋಡೆಗೆ ಆತು ಕೂರುತ್ತಿದ್ದಳು. ಹಾಜರಿ ಕೂಗಿದಾಗ "ಎಸ್ ಮಿಸ್" ಎನ್ನುವುದು ಬಿಟ್ಟರೆ ನಾನು ಅವಳ ದನಿ ಕೇಳಿರಲಿಲ್ಲ. ಬರೆಯಲಾ ಎಂದು ಕೇಳಿದೆ, ತಲೆಯಾಡಿಸಿದಳು. ಅಗಲವಾದ ಹಣೆ, ಒಂದಕ್ಕಿಂತ ಒಂದು ತುಸು ಎತ್ತರದಲ್ಲಿರುವ ಹುಬ್ಬುಗಳು. ಪೆನ್ಸಿಲ್ ಚಿತ್ರ ಚೆನ್ನಾಗಿಯೇ ಬಂತು.

ತಪ್ಪಾದದ್ದು ಬಣ್ಣದಲ್ಲಿ. ಎಲ್ಲ 42 ಮುಖಗಳನ್ನೂ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಜಲವರ್ಣದಲ್ಲಿ ಬರೆದು ನಾವು ಶಾಲೆ ಬಿಡುವ ದಿನ ಕೊಡಬೇಕೆಂದುಕೊಂಡಿದ್ದೆ. ಮೊದಲು ಮುಗಿದ ಕೆಲವುಗಳಲ್ಲಿ ಅವಳದೂ ಒಂದು. ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ನಾನಲ್ಲ ಮಿಸ್. ನಮ್ಮಕ್ಕನ ತರ ಐತೆ" ಎಂದು ವಾಪಸ್ ಕೊಟ್ಟಳು. ಪಕ್ಕದ ಹುಡುಗಿ ಕೇಳದಿದ್ದರೂ ವಿವರಿಸಿದಳು: "ಇವಳಕ್ಕ ಬೆಳ್ಳಗವ್ಳೆ ಮಿಸ್. ಮನೇಲಿ ಇವಳನ್ನ ಕರಿಯವ್ವ ಅಂತಾರೆ." ಬೆಂಚಿನವರೆಲ್ಲ ನಕ್ಕರು. ಅವಳೂ ನಕ್ಕಳು.

ನಾನು ಅವಳ ಬಣ್ಣವನ್ನು ಎರಡು ಛಾಯೆ ತೆಳುಮಾಡಿದ್ದೆ. ಬೇಕೆಂದು ಮಾಡಿದ್ದಲ್ಲ ಎನ್ನುವುದೇ ನನಗೆ ಹೆಚ್ಚು ನಾಚಿಕೆ ತಂದಿತು. ಕೈ ತಾನಾಗಿಯೇ ನೀರು ಹೆಚ್ಚು ಬೆರೆಸಿತ್ತು. 'ಚಂದ ಮಾಡಿಕೊಡೋಣ' ಎಂಬ ಒಳ್ಳೆಯತನದಲ್ಲೇ ಮನೆಯವರು ಹೇಳುವುದನ್ನು ನಾನೂ ಹೇಳಿಬಿಟ್ಟಿದ್ದೆ, ಅದೂ ಶಿಕ್ಷಕಿಯ ಸ್ಥಾನದಲ್ಲಿ ನಿಂತು. ಮಕ್ಕಳ ಕ್ರೇಯಾನ್ ಡಬ್ಬಿಗಳನ್ನು ನೋಡಿದರೆ ತಿಳಿಗುಲಾಬಿಯ ಒಂದು ಕಡ್ಡಿಯನ್ನು ಎಲ್ಲರೂ 'ಸ್ಕಿನ್ ಕಲರ್' ಎನ್ನುತ್ತಾರೆ. ಆ ತರಗತಿಯಲ್ಲಿ ಒಬ್ಬರ ಚರ್ಮವೂ ಆ ಬಣ್ಣದ್ದಲ್ಲ, ನನ್ನದೂ ಅಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ನೋಡಿ ಸೀರೆಯ ಜರಿಗೆ ಬೆರಗಾಗಿ ಗಂಟೆಗಟ್ಟಲೆ ನಿಂತವಳು ನಾನು. ಅವನು 1894ರಲ್ಲಿ ಶುರುಮಾಡಿದ ಮುದ್ರಣಾಲಯದಿಂದ ಹೊರಬಂದ ಲಕ್ಷ್ಮಿ, ಸರಸ್ವತಿಯರು ಮನೆಮನೆಯ ಗೋಡೆ ಸೇರಿದರು. ಆ ದೇವಿಯರ ಮೈಬಣ್ಣ ನಮ್ಮ ಕಣ್ಣಿಗೂ ಒಂದು ಅಳತೆ ಹಾಕಿಕೊಟ್ಟಿರಬೇಕು ಎಂದು ಈಗ ಅನಿಸುತ್ತದೆ. ಜರಿ ನೋಡುವಾಗ ಹೊಳೆದಿರಲಿಲ್ಲ.

ಆ ವಾರ ಅಮೆರಿಕದ ಏಮಿ ಶೆರಾಲ್ಡ್ ಬರೆದ ಮಿಶೆಲ್ ಒಬಾಮಾ ಅವರ ಭಾವಚಿತ್ರವನ್ನು ಮತ್ತೆ ಹುಡುಕಿ ನೋಡಿದೆ. 2018ರಲ್ಲಿ ವಾಷಿಂಗ್ಟನ್‌ನಲ್ಲಿ ಅನಾವರಣಗೊಂಡ ಚಿತ್ರ ಅದು. ಉದ್ದನೆಯ ಗೌನು ಚಿತ್ರದ ಬಹುಪಾಲನ್ನು ತುಂಬಿಕೊಂಡಿದೆ. ಆದರೆ ಚರ್ಮ ಮಾತ್ರ ಬೂದು. ಶೆರಾಲ್ಡ್ ತನ್ನ ಚಿತ್ರಗಳಲ್ಲಿ ಎಲ್ಲರ ಚರ್ಮವನ್ನೂ ಬೂದಿನಲ್ಲೇ ಬರೆಯುತ್ತಾಳೆ. ನನಗೂ ಅದೇ ಸುಲಭದ ದಾರಿ ಎನಿಸಿತು: ಎಲ್ಲರನ್ನೂ ಪೆನ್ಸಿಲ್‌ನಲ್ಲೇ ಬಿಟ್ಟರಾಯಿತು. ಆದರೆ ಆ ಹುಡುಗಿ ಬೂದು ಬಣ್ಣ ಕೇಳಿರಲಿಲ್ಲ. ಇದು ನಾನಲ್ಲ ಎಂದಿದ್ದಳು, ಅಷ್ಟೇ.

ಆಗ 'ಬೆಳಕು' ಘಟಕ ನಡೆಯುತ್ತಿತ್ತು. ಚದುರಿದ ಪ್ರತಿಫಲನಕ್ಕೆ ಸುಕ್ಕಾದ ಕಾಗದ ತೋರಿಸುವ ಬದಲು ಕಿಟಕಿ ಮುಚ್ಚಿ, ಟಾರ್ಚನ್ನು ನನ್ನ ಮುಖಕ್ಕೇ ಪಕ್ಕದಿಂದ ಹಿಡಿಸಿದೆ. ಕನ್ನಡಿಯ ಮೇಲೆ ಬಿದ್ದ ಬೆಳಕು ಗೋಡೆಯಲ್ಲಿ ಚುಕ್ಕೆಯಾಯಿತು, ಕೆನ್ನೆಯ ಮೇಲೆ ಬಿದ್ದದ್ದು ಎಲ್ಲೆಡೆ ಹರಡಿತು. ಎಣ್ಣೆ ಹಚ್ಚಿದ ಹಣೆ ಮಾತ್ರ ಸ್ವಲ್ಪ ಮಿಂಚಿತು, ಯಾಕೆ ಎಂದು ಕೇಳಿದಾಗ ಮೊದಲ ಸಾಲಿನವರ ಜೊತೆ ಗೋಡೆಬದಿಯಿಂದಲೂ ಒಂದು ಕೈ ಮೇಲೆದ್ದಿತು. ಅವಳದಲ್ಲ, ಅವಳ ಹಿಂದಿನವಳದು.

ಶನಿವಾರದ ಬಿಡುವಿನ ಅವಧಿಯಲ್ಲಿ ಹಳದಿ, ಕೆಂಪು, ನೀಲಿ ಮೂರೇ ಬಣ್ಣ ಕೊಟ್ಟು, ಕಪ್ಪು ಮುಟ್ಟಬಾರದು ಎಂಬ ಷರತ್ತಿನಲ್ಲಿ, ತಮ್ಮ ಅಂಗೈ ಹಿಂಬದಿಯ ಬಣ್ಣ ಮಾಡಲು ಹೇಳಿದೆ. ತರಗತಿಯ ಮಾರ್ಗದರ್ಶಕ ಶಿಕ್ಷಕಿ ಬಾಗಿಲಲ್ಲಿ ನಿಂತು, "ಇದು ಯಾವ ಘಟಕಕ್ಕೆ ಬರುತ್ತಮ್ಮ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ಅವರೂ ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಬ್ರಷ್ ಕೇಳಿ ಪಡೆದರು. ಮಕ್ಕಳು ನೀಲಿಗೆ ಹೆದರಿದರು. ನೀಲಿ ಹೆಚ್ಚಾದಂತೆ ಕಂದು ಗಾಢವಾಗುತ್ತದೆ, ಕೆಂಪು ಸೇರಿದರೆ ಬೆಚ್ಚಗಾಗುತ್ತದೆ. ಕೈಯ ಒಳಬದಿಗೆ ಒಂದು ಬಣ್ಣ, ಗೆಣ್ಣುಗಳಿಗೆ ಇನ್ನೊಂದು. 31ನೇ ನಂಬರಿನವಳು ಐದು ಸಲ ಬೆರೆಸಿದಳು. ಐದನೆಯದನ್ನು ಮೊಣಕೈ ಬಳಿ ಹಚ್ಚಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎಲ್ಲಿ ಹಚ್ಚಿದ್ದಾಳೆಂದು ಹುಡುಕಬೇಕಿತ್ತು. ಆ ಬಣ್ಣ ಸ್ವಲ್ಪ ಉಳಿಸು ಎಂದೆ. ಬಾಟಲಿ ಮುಚ್ಚಳದಲ್ಲಿ ತಂದುಕೊಟ್ಟಳು.

ಎರಡನೇ ಚಿತ್ರವನ್ನು ಆ ಮುಚ್ಚಳದ ಬಣ್ಣದಿಂದಲೇ ಬರೆದೆ. ಸೋಮವಾರ ಪ್ರಾರ್ಥನೆಗೆ ಮುಂಚೆ ಕೊಟ್ಟಾಗ ಅವಳು ಮೊದಲ ಸಲಕ್ಕಿಂತ ಹೆಚ್ಚು ಹೊತ್ತು ನೋಡಿದಳು. ನಾನು ಗಿರಾಕಿಯ ಎದುರು ನಿಂತ ಅಮ್ಮನ ಹಾಗೆ ಕಾಯುತ್ತಿದ್ದೆ.

"ಬಣ್ಣ ಸರಿ ಐತೆ ಮಿಸ್," ಎಂದಳು. "ಮೂಗು ಸರಿ ಬಂದಿಲ್ಲ."

ನಿಜ, ಎಡಹೊಳ್ಳೆ ತುಸು ಅಗಲವಾಗಬೇಕಿತ್ತು. ಬ್ಯಾಗಿನಿಂದ ಬ್ರಷ್ ತೆಗೆದೆ. ಅವಳು ಪಕ್ಕದಲ್ಲಿ ನಿಂತು, ಎಲ್ಲಿ, ಎಷ್ಟು ಎಂದು ಹೇಳುತ್ತಾ ಹೋದಳು.