ರೋ ಬ್ಯಾಗ್ ಕಟ್ಟೋದು: ಒಂದು ಮೀನಿನ ತತ್ತಿ, ಒಂದು ಚಳಿಗಾಲ

(1/6)

ಮೊದಲ ಫೋಟೋದಲ್ಲಿ ಇರೋದು ಜೆಲ್ಲಿ ಮಿಠಾಯಿ ಅಲ್ಲ ಮಾರಾಯ್ರೆ. ಸ್ಟೋರಿ ಹಾಕಿದಾಗ ಅರ್ಧ ಜನ ಅದನ್ನೇ ಕೇಳಿದ್ರಿ, ಇನ್ನರ್ಧ ಜನ "ಬೂಂದಿ ಕಾಳಾ?" ಅಂದ್ರಿ. ಅದು ಸಾಲ್ಮನ್ ಮೀನಿನ ತತ್ತಿ. ಆರೇಳು ಕಾಳನ್ನ ಸಣ್ಣ ಬಲೆ ಬಟ್ಟೆಲಿ ಇಟ್ಟು, ದಾರ ಸುತ್ತಿ, ಗೋಲಿ ಗಾತ್ರಕ್ಕೆ ಗಂಟು ಕಟ್ಟಿದ್ದು. ಇಲ್ಲಿಯವರು ಇದಕ್ಕೆ ರೋ ಬ್ಯಾಗ್ ಅಂತಾರೆ. ಗಾಳಕ್ಕೆ ಸಿಕ್ಕಿಸಿ ಹೊಳೆಗೆ ಬಿಟ್ರೆ ಟ್ರೌಟೂ ಕಚ್ಚುತ್ತೆ, ಸಾಲ್ಮನ್ನೂ ಕಚ್ಚುತ್ತೆ.

ಹೊಸದಾಗಿ ಫಾಲೋ ಮಾಡಿದವರಿಗೆ ಒಂದು ಸಾಲು: ಊರು ಕುಂದಾಪುರದ ಹತ್ತಿರ, ಪಿಯುಸಿ ಕಾಮರ್ಸ್ ಅಲ್ಲೇ, ಈಗ ಕೆನಡಾದ ಒಂಟಾರಿಯೋದಲ್ಲಿ ಬಿಕಾಂ. ಕಳೆದ ಸಲ ಪಾರ್ಟ್ ಟೈಮ್ ಕೆಲಸದ ಬಗ್ಗೆ ಬರೆದು ಕಾಮೆಂಟಲ್ಲಿ ಆದ ಜಗಳ ನೋಡಿ ಸಾಕಾಯ್ತು. ಈ ಸಲ ಮೀನು. ಜಗಳ ಇದರಲ್ಲೂ ಇದೆ, ಮೂರನೇ ಭಾಗದಲ್ಲಿ ಬರುತ್ತೆ.

(2/6)

ಮೀನಿಗೆ ಮೀನಿನದ್ದೇ ತತ್ತಿ ಯಾಕೆ?

ನಮ್ಮಲ್ಲಿ ಮೊದಲ ಮಳೆ ಜೋರಾಗಿ ಹೊಡೆದ ರಾತ್ರಿ ಹೊಳೆಯ ಮೀನು ತೋಡು ಹಿಡಿದು ಗದ್ದೆಗೆ ಹತ್ತುತ್ತಲ್ಲ, ಹತ್ತು ಮೀನು ಅಂತೀವಲ್ಲ, ಹಾಗೇ ಇಲ್ಲಿ ಸೆಪ್ಟೆಂಬರ್, ಅಕ್ಟೋಬರಲ್ಲಿ ಒಂಟಾರಿಯೋ ಸರೋವರದ ಚಿನೂಕ್ ಸಾಲ್ಮನ್ ಹೊಳೆಗಳಿಗೆ ಹತ್ತುತ್ತೆ. ಮಿಸಿಸಾಗಾ ಊರ ಮಧ್ಯದಲ್ಲೇ ಹರಿಯೋ ಕ್ರೆಡಿಟ್ ನದಿಗೂ ಬರುತ್ತೆ. ಪೋರ್ಟ್ ಹೋಪ್ ಅನ್ನೋ ಊರಲ್ಲಿ ಗನರಾಸ್ಕಾ ನದಿಗೆ ಕಾರ್ಬೆಟ್ಸ್ ಡ್ಯಾಮ್ ಅಂತ ಒಂದು ಸಣ್ಣ ಕಟ್ಟೆ ಇದೆ, ಪಕ್ಕದಲ್ಲಿ ಮೀನು ಹತ್ತೋದಕ್ಕೇ ಮೆಟ್ಟಿಲು. ಅಲ್ಲಿ ಸಾಲ್ಮನ್ ಹಾರೋದನ್ನ ನೋಡೋಕೆ ಮಕ್ಕಳು ಮರಿ ಕಟ್ಟಿಕೊಂಡು ಜನ ಬರ್ತಾರೆ, ಥೇಟ್ ಜಾತ್ರೆ.

ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆರೆದು ಗುಂಡಿ ಮಾಡಿ ತತ್ತಿ ಇಡುತ್ತೆ, ಆಮೇಲೆ ಜಲ್ಲಿಯಿಂದಲೇ ಮುಚ್ಚುತ್ತೆ. ಎಷ್ಟು ಮುಚ್ಚಿದ್ರೂ ಒಂದಷ್ಟು ಕಾಳು ನೀರಿನ ಜೊತೆ ಕೆಳಗೆ ಉರುಳುತ್ತವೆ. ಅದನ್ನ ತಿನ್ನೋಕೆ ಸ್ವಲ್ಪ ಕೆಳಗಡೆ ಕಾಯ್ತಾ ನಿಂತಿರುತ್ತವೆ ಬ್ರೌನ್ ಟ್ರೌಟ್, ಮತ್ತೆ ಸರೋವರದಿಂದ ಹೊಳೆಗೆ ಬರೋ ರೇನ್‌ಬೋ ಟ್ರೌಟ್. ಈ ರೇನ್‌ಬೋಗೆ ಇಲ್ಲಿಯ ಹೆಸರು ಸ್ಟೀಲ್‌ಹೆಡ್. ಅಂದ್ರೆ ರೋ ಬ್ಯಾಗಲ್ಲಿ ದೊಡ್ಡ ಮೋಸ ಏನೂ ಇಲ್ಲ, ಆವತ್ತು ಹೊಳೆಲಿ ಬಡಿಸ್ತಿರೋದನ್ನೇ ನಾವೂ ಬಡಿಸ್ತೀವಿ. ಮೊಟ್ಟೆ ಇಡೋಕೆ ಹೊಳೆಗೆ ಬಂದ ಸಾಲ್ಮನ್ ಮಾತ್ರ ಊಟ ಬಿಟ್ಟಿರುತ್ತೆ, ಆದ್ರೂ ತತ್ತಿ ಕಂಡ್ರೆ ಬಾಯಿ ಹಾಕುತ್ತೆ.

ಒಂದು ತಮಾಷೆ ಹೇಳ್ತೀನಿ. ಈ ಮೂರೂ ಮೀನು ಇಲ್ಲಿಯವಲ್ಲ. ಚಿನೂಕ್ ಪೆಸಿಫಿಕ್ ಕಡೆಯದು. 1967ರಲ್ಲಿ ಅಮೆರಿಕದ ಮಿಶಿಗನ್‌ನವರು ತಮ್ಮ ಕಡೆಯ ಸರೋವರಕ್ಕೆ ತಂದು ಬಿಟ್ರು. ಹೊರಗಿಂದ ಬಂದು ವಿಪರೀತ ಹೆಚ್ಚಿದ್ದ ಆಲ್‌ವೈಫ್ ಅನ್ನೋ ಸಣ್ಣ ಮೀನನ್ನ ತಿನ್ನಲಿ ಅಂತ. ರೇನ್‌ಬೋ ಕೂಡ ಪೆಸಿಫಿಕ್‌ನದ್ದೇ, ಬ್ರೌನ್ ಯುರೋಪಿನದ್ದು. ಒಂಟಾರಿಯೋ ಸರೋವರದ ಸ್ವಂತ ಮೀನು ಅಟ್ಲಾಂಟಿಕ್ ಸಾಲ್ಮನ್, ಅದು 19ನೇ ಶತಮಾನ ಮುಗಿಯೋ ಹೊತ್ತಿಗೇ ಇಲ್ಲಿಂದ ಮಾಯ ಆಗಿತ್ತು. ಹೊಳೆ ದಂಡೆಲಿ ನಾನು ನಿಂತಾಗ ನೀರೊಳಗೆ ಇರೋದೂ ವಲಸೆ ಬಂದವರೇ.

(3/6)

ಈಗ ಜಗಳದ ವಿಷಯ. ತತ್ತಿ ಯಾರದ್ದು?

ಅಕ್ಟೋಬರಲ್ಲಿ ಹೊಳೆ ಪಕ್ಕದ ಪೊದೆಲಿ ಒಮ್ಮೆ ಒಂದು ಹೆಣ್ಣು ಸಾಲ್ಮನ್ ನೋಡಿದೆ. ನನ್ನ ಕೈ ಉದ್ದ ಇತ್ತು. ಹೊಟ್ಟೆ ಸೀಳಿ ತತ್ತಿ ತಗೊಂಡು ಮೀನನ್ನ ಹಾಗೇ ಎಸೆದು ಹೋಗಿದ್ರು. ಮೀನು ಅಂದ್ರೆ ತಲೆಯನ್ನೂ ಬಿಡದೆ ಸಾರು ಮಾಡೋ ಮನೆಲಿ ಬೆಳೆದ ನನಗೆ ಅದು ಹೇಗಾಗಿರಬೇಡ ಹೇಳಿ. ಇದು ಇಲ್ಲಿಯ ಕಾನೂನಿಗೂ ವಿರುದ್ಧ. ತಿನ್ನೋ ಹಾಗಿರೋ ಮೀನನ್ನ ಕೊಳೆಯೋಕೆ ಬಿಟ್ಟು ಹೋಗೋ ಹಾಗಿಲ್ಲ, ಹವ್ಯಾಸಕ್ಕೆ ಹಿಡಿದದ್ದನ್ನ ಮಾರೋ ಹಾಗೂ ಇಲ್ಲ. ಈ ಕೆಲಸ ಎಲ್ಲ ಬಣ್ಣದವರೂ ಮಾಡ್ತಾರೆ. ಆದ್ರೆ ದಂಡೆಲಿ ನಮ್ಮ ಥರದ ಹುಡುಗ ಹುಡುಗಿಯರು ನಾಲ್ಕು ಜನ ನಿಂತ್ರೆ ಕೆಲವರ ಕಣ್ಣು ಮೊದಲು ಹೋಗೋದು ನಮ್ಮ ಬಕೆಟ್ ಕಡೆಗೆ. ಅದು ನ್ಯಾಯ ಅಲ್ಲ, ಗೊತ್ತು. ಅದಕ್ಕೇ ನಾನು ಲೈಸೆನ್ಸ್ ಜೇಬಲ್ಲಿಟ್ಟುಕೊಂಡೇ ಹೋಗೋದು, ಬಕೆಟ್ ಮುಚ್ಚಳ ತೆಗೆದೇ ಇಡೋದು.

ಚಿನೂಕ್ ಒಮ್ಮೆ ತತ್ತಿ ಇಟ್ಟ ಮೇಲೆ ಸಾಯುತ್ತೆ, ಹೆಣ್ಣೂ ಗಂಡೂ ಎರಡೂ. ಸ್ಟೀಲ್‌ಹೆಡ್ ಹಾಗಲ್ಲ, ಬದುಕಿ ಸರೋವರಕ್ಕೆ ವಾಪಸ್ ಹೋಗಿ ಮತ್ತೊಂದು ವರ್ಷ ಬರಬಹುದು. ಬಿಕಾಂ ಭಾಷೆಲಿ ಹೇಳೋದಾದ್ರೆ, ತತ್ತಿಗೋಸ್ಕರ ಹೆಣ್ಣು ಸ್ಟೀಲ್‌ಹೆಡ್ ಕೊಲ್ಲೋದು ಬಡ್ಡಿ ಬಿಟ್ಟು ಅಸಲನ್ನೇ ಡ್ರಾ ಮಾಡಿದ ಹಾಗೆ. ನಾನು ಮಾಡಲ್ಲ. ಸಾಲ್ಮನ್ ಹೇಗೂ ಸಾಯುತ್ತಲ್ಲ ಅಂತ ವಾದ ಮಾಡೋರಿಗೆ ನನ್ನ ಉತ್ತರ: ಸಾಯೋದು ತತ್ತಿ ಇಟ್ಟ ಮೇಲೆ.

ಹಾಗಾದ್ರೆ ಪೂರ್ತಿ ಬಿಡಬೇಕಾ? ಲೆಕ್ಕ ಹಾಕಿ ನೋಡಿದೆ. ಒಂದು ಹೆಣ್ಣು ಚಿನೂಕ್ ಹೊಟ್ಟೆಲಿ ನಾಲ್ಕೈದು ಸಾವಿರ ತತ್ತಿ ಇರೋದು ಸಾಮಾನ್ಯ. ಕಡಿಮೆ ಹಿಡಿದು 4,000 ಅನ್ನಿ. ಒಂದು ಗಂಟಿಗೆ 7 ಕಾಳು ಅಂದ್ರೆ 571 ಗಂಟು. ಅರ್ಧ ಒಡೆದು ಹಾಳಾಯ್ತು ಅಂದ್ರೂ 285. ಒಂದು ಭಾನುವಾರಕ್ಕೆ ನನಗೆ 20 ಬೇಕಾಗುತ್ತೆ. ಹದಿನಾಲ್ಕು ಭಾನುವಾರ ಆಯ್ತಲ್ಲ! ಪರೀಕ್ಷೆ, ಶಿಫ್ಟ್, ಹಿಮ ಎಲ್ಲ ಕಳೆದ್ರೆ ನನಗೆ ಇಡೀ ಚಳಿಗಾಲದಲ್ಲಿ ಅಷ್ಟು ಭಾನುವಾರ ಸಿಗೋದೇ ಇಲ್ಲ. ನಮ್ಮ ಮನೆ ಓನರ್ ಅಂಕಲ್ (ಎಪ್ಪತ್ತು ದಾಟಿದವರು, ನನಗೆ ಇದನ್ನೆಲ್ಲ ಕಲಿಸಿದ್ದು ಅವರೇ) ಮತ್ತೆ ನಾನು ಸೇರಿ ಸೀಸನ್‌ಗೆ ಒಂದೇ ಹೆಣ್ಣು ಸಾಲ್ಮನ್ ಇಟ್ಕೊಳ್ಳೋದು. ಎರಡನೆಯದು ಸಿಕ್ಕಿದ್ರೆ ನೀರಿಗೆ.

(4/6)

ಯಾವಾಗ ಹಿಡೀಬೇಕು ಅನ್ನೋದರಲ್ಲಿ ಒಂದು ಸಿಕ್ಕು ಇದೆ.

ತತ್ತಿ ಪೂರ್ತಿ ಬಲಿತು ಬಿಡಿಬಿಡಿಯಾಗಿ ಉದುರೋ ಹೊತ್ತಿಗೆ ಸಾಲ್ಮನ್ ಮಾಂಸ ಬಿಳಚಿ ಮೆತ್ತಗಾಗಿರುತ್ತೆ, ರುಚಿ ಇರಲ್ಲ. ಸೀಸನ್ ಶುರುವಲ್ಲಿ, ಸರೋವರದ ಬಾಯಲ್ಲೇ ಸಿಗೋ ಬೆಳ್ಳಿ ಬಣ್ಣದ ಮೀನಿನ ಮಾಂಸ ಕೆಂಪಗೆ ಚೆನ್ನಾಗಿರುತ್ತೆ, ಆದ್ರೆ ತತ್ತಿ ಇನ್ನೂ ಪೊರೆಗೆ ಅಂಟಿಕೊಂಡಿರುತ್ತೆ. ಬಹಳ ಜನ ಸುಲಭದ ತತ್ತಿಗೋಸ್ಕರ ತಡವಾಗಿ ಹಿಡೀತಾರೆ, ಆಮೇಲೆ ಮಾಂಸ ಚೆನ್ನಾಗಿಲ್ಲ ಅಂತ ಪೊದೆಗೆ ಎಸೀತಾರೆ. ನಾವು ಬೇಗ ಹಿಡೀತೀವಿ. ಚಮಚದ ಬೆನ್ನಲ್ಲಿ ಮೆಲ್ಲಗೆ ಸವರಿ ಪೊರೆಯಿಂದ ಕಾಳು ಬಿಡಿಸಬೇಕು, ದಾಳಿಂಬೆ ಬಿಡಿಸಿದ ಹಾಗೆ, ಒಂದು ಗಂಟೆ ಕೂತು. ಬಿಡದೇ ಇರೋದನ್ನ ಪೊರೆ ಸಮೇತ ಹೆಬ್ಬೆರಳಿನ ಉಗುರಿನಷ್ಟು ತುಂಡು ಮಾಡಿ ಹಾಗೇ ಬಲೆಲಿ ಕಟ್ಟೋದು. ಕೆಲಸ ಜಾಸ್ತಿ, ಆದ್ರೆ ಮೀನು ಅಡುಗೆ ಮನೆಗೆ ಬರುತ್ತೆ. ಗಸಿ ಮಾಡಿದ್ವಿ, ಅಂಕಲ್ ಮೂರು ಲೋಟ ನೀರು ಕುಡಿದು ಇನ್ನೊಂದು ಸಲ ಬಡಿಸ್ಕೊಂಡ್ರು. ಇಲ್ಲಿರೋರು ಒಂದು ಗಮನದಲ್ಲಿಡಿ: ಯಾವ ನೀರಿನ ಎಷ್ಟು ದೊಡ್ಡ ಮೀನನ್ನ ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಒಂಟಾರಿಯೋ ಸರ್ಕಾರವೇ ಪಟ್ಟಿ ಹಾಕಿದೆ. ದೊಡ್ಡ ಸಾಲ್ಮನ್ ಕೊಬ್ಬಲ್ಲಿ ಕೆಟ್ಟ ರಾಸಾಯನಿಕ ಸೇರಿರುತ್ತೆ, ಚರ್ಮ ಕೊಬ್ಬು ತೆಗೆದೇ ಬೇಯಿಸಿ.

ತತ್ತಿಗೆ ಅಂಟಿದ ರಕ್ತ ಎಲ್ಲ ತೆಗೆದು, ಪೇಪರ್ ಟವೆಲ್ ಮೇಲೆ ಹರಡಿ ಒಣಗಿಸಿ, ಮೇಲೆ ಬೋರಾಕ್ಸ್ ಪುಡಿ ಉದುರಿಸಬೇಕು. ನಮ್ಮಲ್ಲಿ ಅಕ್ಕಸಾಲಿಗರು ಬಳಸೋ ಬಿಳಿಗಾರ ಅದೇ. ಕೊಳೆಯಲ್ಲ, ಕಾಳು ಗಟ್ಟಿಯಾಗುತ್ತೆ. ಆಮೇಲೆ ಬಾಟಲಿಗೆ ತುಂಬಿ ಫ್ರೀಜರ್‌ಗೆ. ಬೋರಾಕ್ಸ್ ಹಾಕಿದ ಮೇಲೆ ಅದು ಮನುಷ್ಯರು ತಿನ್ನೋದಲ್ಲ. ನಮ್ಮ ಮನೆಲಿ ಇಬ್ಬರು ಶುದ್ಧ ಸಸ್ಯಾಹಾರಿ ರೂಮ್‌ಮೇಟ್‌ಗಳಿದ್ದಾರೆ, ಅವರ ಐಸ್‌ಕ್ರೀಮ್ ಪಕ್ಕ ಇದನ್ನ ಇಡೋಕೆ ನನಗೇ ಮನಸ್ಸಾಗಲ್ಲ. ಅಂಕಲ್ ಗ್ಯಾರೇಜಲ್ಲಿ ಬೇಟ್‌ಗೇ ಅಂತ ಬೇರೆ ಫ್ರೀಜರ್ ಇದೆ, ಅದೇ ನಮ್ಮ ಶಾಂತಿ ಒಪ್ಪಂದ.

ಅಮ್ಮಮ್ಮನಿಗೆ ವೀಡಿಯೋ ಕಾಲಲ್ಲಿ ತೋರಿಸಿದೆ. ನಮ್ಮ ಮನೇಲಿ ಬಂಗುಡೆ ತತ್ತಿ ಹುರಿದ್ರೆ ಮಕ್ಕಳು ಹೊಡೆದಾಡ್ತೀವಿ. ಅವರು ಸ್ವಲ್ಪ ಹೊತ್ತು ನೋಡಿ, "ತಿಂಬುದ್ ಬಿಟ್ ಮೀನಿಗೇ ಹಾಕ್ತ್ಯಾ ಮಗಾ?" ಅಂದ್ರು. ಆಮೇಲೆ, ಊರಲ್ಲಿ ಮಳೆಗಾಲದಲ್ಲಿ ಜೂನ್, ಜುಲೈ ಎರಡು ತಿಂಗಳು ಬೋಟ್ ಬಂದ್ ಮಾಡ್ತಾರಲ್ಲ, ಮೀನು ಮರಿ ಹಾಕಲಿ ಅಂತ, ಅಲ್ಲಿ ಹಾಗೆಲ್ಲ ಇಲ್ವಾ ಅಂತ ಕೇಳಿದ್ರು. ಇದೆ. ಹೊಳೆಯ ಕೆಲವು ಭಾಗ ಮೀನಿಗೇ ಬಿಟ್ಟಿದ್ದು, ಅಲ್ಲಿ ಗಾಳ ಹಾಕೋ ಹಾಗಿಲ್ಲ, ಬೋರ್ಡ್ ಇರುತ್ತೆ. ಉಳಿದ ಕಡೆಯೂ ಅವಧಿ ಇದೆ, ದಿನಕ್ಕೆ ಎಷ್ಟು ಅಂತ ಮಿತಿ ಇದೆ. ಅಮ್ಮಮ್ಮನಿಗೆ ಅರ್ಧ ಸಮಾಧಾನ ಆಯ್ತು. ಪೂರ್ತಿ ಆಗಿಲ್ಲ, ಈಗಲೂ ಕಾಲ್ ಮಾಡಿದಾಗೆಲ್ಲ "ತತ್ತಿ ಮುಗೀತಾ?" ಅಂತಾರೆ.

(5/6)

ಕಟ್ಟೋದು ಹೇಗೆ. ವೀಡಿಯೋ ಸ್ವೈಪ್ ಮಾಡಿ ನೋಡಿ, ಆದ್ರೆ ವೀಡಿಯೋದಲ್ಲಿ ಕಾಣದೇ ಇರೋದನ್ನ ಇಲ್ಲಿ ಬರೀತೀನಿ.

ಬಲೆ ಬಟ್ಟೆ ಸುಮಾರು ಮೂರು ಇಂಚಿನ ಚೌಕ. ಅದನ್ನ ಎಡಗೈ ಹೆಬ್ಬೆರಳು ತೋರುಬೆರಳಿನ ಮಧ್ಯದ ಗುಳಿಲಿ ಹಾಸಿ, ಕಾಳು ಹಾಕಿ, ನಾಲ್ಕು ಮೂಲೆ ಮೇಲಕ್ಕೆ ಸೇರಿಸಿ ಒಂದೆರಡು ಸುತ್ತು ತಿರುಚಿ. ಬಿರಿಯಾನಿಗೆ ಮಸಾಲೆ ಪೊಟ್ಟಣ ಕಟ್ತಾರಲ್ಲ, ಅದೇ ಆಕಾರ. ದಾರ ಮಾತ್ರ ಬೇರೆ: ಕೂದಲಿನ ಹಾಗೆ ಸಣ್ಣ, ರಬ್ಬರಿನ ಹಾಗೆ ಎಳೆಯುತ್ತೆ. ಕುತ್ತಿಗೆಗೆ ಎಂಟು ಹತ್ತು ಸುತ್ತು ಬಿಗಿಯಾಗಿ ಸುತ್ತಿ ಎಳೆದು ತುಂಡು ಮಾಡಿದ್ರೆ ಅದೇ ಕಚ್ಚಿಕೊಂಡು ನಿಲ್ಲುತ್ತೆ, ಗಂಟೇ ಹಾಕಬೇಕಿಲ್ಲ. ಮೇಲೆ ಉಳಿದ ಬಟ್ಟೆ ಕತ್ತರಿಸಿ, ತೀರಾ ಹತ್ತಿರ ಅಲ್ಲ, ಬಿಚ್ಚಿ ಹೋಗುತ್ತೆ.

ಬಿಗಿ ಎಷ್ಟು ಅನ್ನೋದೇ ವಿದ್ಯೆ. ಜಾಸ್ತಿ ಬಿಗಿದ್ರೆ ಕಾಳು ಒಡೆದು ಅಲ್ಲೇ ರಸ ಸೋರುತ್ತೆ. ಸಡಿಲ ಆದ್ರೆ ನೀರಲ್ಲಿ ಉದ್ದಕ್ಕೆ ಜೋತು ಬಿದ್ದು ಹರಿದ ಕಾಲುಚೀಲದ ಥರ ಕಾಣುತ್ತೆ, ಮೀನು ಮೂಸೂ ನೋಡಲ್ಲ. ಬೆರಳಲ್ಲಿ ಒತ್ತಿದ್ರೆ ಮಾಗಿದ ದ್ರಾಕ್ಷಿ ಥರ ಸ್ವಲ್ಪ ಬಗ್ಗಿ ವಾಪಸ್ ಬರಬೇಕು. ಅಂಕಲ್ ನನ್ನ ಮೊದಲ ಗಂಟು ನೋಡಿ ಇದನ್ನ ಯಾರ ಹತ್ರ ಕಲಿತೆ ಅಂತ ಕೇಳಿದ್ರು. ಯಾರ ಹತ್ರಾನೂ ಇಲ್ಲ, ನಮ್ಮ ಮನೆಲಿ ಅಮ್ಮ, ಚಿಕ್ಕಮ್ಮ ಬಾಳೆನಾರಲ್ಲಿ ಮಲ್ಲಿಗೆ ಕಟ್ಟುವಾಗ ಪಕ್ಕ ಕೂತು ಕಟ್ಟಿದ್ದೀನಿ. ಹೂವಿನ ತೊಟ್ಟು ಮುರಿಯದ ಹಾಗೆ ನಾರು ಎಳೆಯೋ ಕೈಗೆ ಈ ದಾರ ಕಷ್ಟ ಅಲ್ಲ. ವೀಡಿಯೋ ಕಾಲಲ್ಲಿ ಒಂದು ಶನಿವಾರ ಅಮ್ಮ ಆ ಕಡೆ ಹೂ ಕಟ್ತಾ, ನಾನು ಈ ಕಡೆ ತತ್ತಿ ಕಟ್ತಾ ಕೂತಿದ್ವಿ. ಮಾತು ಜಾಸ್ತಿ ಇರಲಿಲ್ಲ.

(6/6)

ಬಣ್ಣ, ಗಾತ್ರದ ಬಗ್ಗೆ ಮೀನು ಹಿಡಿಯೋರನ್ನ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಪುರಾಣ ಹೇಳ್ತಾರೆ. ನನಗೆ ಕೆಲಸ ಕೊಟ್ಟದ್ದು ಇಷ್ಟು. ನೀರು ತಿಳಿಯಾಗಿದ್ರೆ ಬಿಳಿ ಅಥವಾ ತಿಳಿ ಗುಲಾಬಿ ಬಲೆ, ಮೂರು ನಾಲ್ಕೇ ಕಾಳು, ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದು. ಮಳೆ ಬಂದು ನೀರು ಕದಡಿದ್ರೆ ಗಾಢ ಕಿತ್ತಳೆ ಅಥವಾ ಹೈಲೈಟರ್ ಪೆನ್ನಿನ ಹಳದಿ, ಹತ್ತು ಕಾಳು. ಒಳಗೆ ತೇಲೋ ಫೋಮ್ ಮಣಿ ಒಂದೆರಡು ಸೇರಿಸಿದ್ರೆ ಗಂಟು ತಳದ ಕಲ್ಲಿಗೆ ಸಿಕ್ಕಿಕೊಳ್ಳಲ್ಲ.

ಗಾಳ ಸಣ್ಣದಿರಲಿ, 8 ಅಥವಾ 10ನೇ ನಂಬರ್. ಗಂಟಿನ ಬಲೆಯೊಳಗೆ ಒಂದೇ ಸಲ ಚುಚ್ಚಿ ಮೊನೆ ಹೊರಗೆ ಬಿಡಬೇಕು. ಮೇಲೆ ತೇಲುಬೆಂಡು, ಮಧ್ಯೆ ಸಣ್ಣ ಗುಂಡು. ಹೊಳೆಯ ತಳದ ನೀರು ಮೇಲಿನ ನೀರಿಗಿಂತ ನಿಧಾನ ಹರಿಯುತ್ತೆ, ಅದಕ್ಕೆ ಬೆಂಡನ್ನ ಚೂರು ತಡೆದು ತಡೆದು ಬಿಡಬೇಕು. ಇಲ್ಲಾಂದ್ರೆ ಗಂಟು ಓಡುತ್ತೆ, ಉರುಳಿ ಬಂದ ತತ್ತಿ ಹಾಗೆ ಓಡಲ್ಲ ಅಂತ ಟ್ರೌಟ್‌ಗೆ ಗೊತ್ತು. ಎಂಟು ಹತ್ತು ಸಲ ಹರಿಸಿದ ಮೇಲೆ ಕಾಳಿನ ರಸ ಎಲ್ಲ ಹೋಗಿ ಬಿಳಚಿಕೊಳ್ಳುತ್ತೆ. ಆಗ ಬದಲಾಯಿಸಿ. ಹಳೆಯದನ್ನ ನೀರಿಗೂ ಎಸೀಬೇಡಿ, ದಂಡೆಗೂ ಎಸೀಬೇಡಿ, ತತ್ತಿ ಕರಗಿದ್ರೂ ಬಲೆ ಕರಗಲ್ಲ. ನನ್ನ ಜಾಕೆಟ್ ಎಡ ಜೇಬಲ್ಲಿ ಅದಕ್ಕೇ ಒಂದು ಜಿಪ್ ಕವರ್ ಇರುತ್ತೆ. ಒಮ್ಮೆ ಅದನ್ನ ಮರೆತು ಸೋಮವಾರ ಕ್ಲಾಸಿಗೆ ಅದೇ ಜಾಕೆಟ್ ಹಾಕ್ಕೊಂಡು ಹೋದೆ, ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಎರಡು ಬೆಂಚು ಖಾಲಿಯಾಯ್ತು.

ಈ ವರ್ಷದ ಬಾಟಲಿಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ನವೆಂಬರ್ ಮಳೆಗೆ ಸ್ಟೀಲ್‌ಹೆಡ್ ಹತ್ತೋಕೆ ಶುರು. ನಮ್ಮ ಕಡೆಯಿಂದ ಇಲ್ಲಿಗೆ ಬಂದಿರೋರು ಯಾರಾದ್ರೂ ಕಲೀಬೇಕು ಅಂದ್ರೆ ಮೆಸೇಜ್ ಮಾಡಿ, ಮೊದಲು ಲೈಸೆನ್ಸ್ ಮಾಡಿಸಿ, 18ರಿಂದ 64 ವರ್ಷದವರಿಗೆ ಬೇಕು. ಗಂಟು ನಾನು ಕಟ್ಟಿ ಕೊಡ್ತೀನಿ, ದುಡ್ಡು ಬೇಡ. ಬೆಚ್ಚಗಿನ ಸಾಕ್ಸ್ ಎರಡು ಜೊತೆ ತನ್ನಿ, ಒಂದು ನಿಮಗೆ, ಒಂದು ನೀವು ನೀರಿಗೆ ಕಾಲಿಟ್ಟ ಮೇಲೆ.