ಸನಾದಿಗೆ ಸಿಕ್ಕ ಮರ್ಯಾದೆ

ನಮ್ಮ ಅಕ್ಕೋಳದಂಥ ಗಡಿ ಊರುಗಳಲ್ಲಿ ಒಂದೇ ವಾದ್ಯಕ್ಕೆ ಮೂರು ಹೆಸರು. ಕನ್ನಡದವರಿಗೆ ಅದು ಸನಾದಿ, ಮರಾಠಿಯವರಿಗೆ ಸನಈ, ಉರ್ದು ಮಾತಾಡುವ ನಮಗೆ ಶಹನಾಯಿ. ಹೆಸರು ಯಾವುದಾದರೂ ಊದುವವನ ಜಾಗ ಮಾತ್ರ ಒಂದೇ, ಚಪ್ಪರದ ಹೊರಗೆ. ಮಂಗಳಕಾರ್ಯಕ್ಕೆ ಅವನ ಉಸಿರು ಬೇಕು, ಪಂಕ್ತಿಗೆ ಅವನು ಬೇಡ.

ಈ ಮನುಷ್ಯನನ್ನು ಕಥಾನಾಯಕನಾಗಿಸಿದ ಚಿತ್ರ 1977ರ 'ಸನಾದಿ ಅಪ್ಪಣ್ಣ'. ರಾಜಕುಮಾರ್ ಅವರನ್ನು ಎಲ್ಲರೂ ನೆನೆಯುತ್ತೇವೆ. ಸಂಗೀತ ನೀಡಿದ ಜಿ.ಕೆ. ವೆಂಕಟೇಶರ ಹೆಸರು ಎಷ್ಟು ಜನರ ನಾಲಿಗೆಯ ಮೇಲಿದೆ?

ವೆಂಕಟೇಶರ ವೃತ್ತಿಜೀವನ ದೊಡ್ಡದು. 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಒಂದೇ ಚಿತ್ರಕ್ಕೆ ಹಾಡಿದರು. ಗದಗದ ಕಡೆಯ ಹಿಂದೂಸ್ತಾನಿಯೂ ಆಂಧ್ರದ ಕರ್ನಾಟಕ ಸಂಗೀತವೂ ಅಲ್ಲಿ ಜೊತೆಯಾದವು. 1972ರ 'ಬಂಗಾರದ ಮನುಷ್ಯ' ಅವರದೇ. ಅಲ್ಲಿಯವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ಕಂಠಕ್ಕೆ ತುಟಿ ಆಡಿಸುತ್ತಿದ್ದ ರಾಜಕುಮಾರ್, 1974ರ 'ಸಂಪತ್ತಿಗೆ ಸವಾಲ್'ನಲ್ಲಿ ತಾವೇ ಹಾಡಿ ಗಾಯಕರಾಗಿ ನೆಲೆಯೂರಿದ್ದೂ ಇವರ ಸಂಗೀತದಲ್ಲಿ. ಮುಂದೆ ದೇಶವೇ ಗುರುತಿಸಿದ ಇಳಯರಾಜ ಇವರ ಸಹಾಯಕರಾಗಿ ದುಡಿದವರು. 1993ರಲ್ಲಿ ವೆಂಕಟೇಶ್ ತೀರಿಕೊಂಡರು.

ನಮಗೆ ಅವರ ದೊಡ್ಡತನ ಕಾಣುವುದು ಅವರು ಹಿಂದೆ ಸರಿದ ಕಡೆ. ಅಪ್ಪಣ್ಣನ ಸನಾದಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. 1959ರಲ್ಲಿ ವಸಂತ ದೇಸಾಯಿ ಅವರ ಸಂಗೀತದ 'ಗೂಂಜ್ ಉಠೀ ಶಹನಾಯಿ'ಗೆ ನುಡಿಸಿದ್ದ ಉಸ್ತಾದರು ಕನ್ನಡದ ಹಳ್ಳಿಗನೊಬ್ಬನಿಗಾಗಿ ನುಡಿಸಿದರು. ಎಸ್. ಜಾನಕಿಯವರ ಕಂಠದ ಬೆನ್ನಿಗೇ ಆ ಶಹನಾಯಿ ಬರುವಾಗ ಸಂಗೀತ ನಿರ್ದೇಶಕ ತನ್ನ ಜಾಣತನವನ್ನು ಎಲ್ಲೂ ನಡುವೆ ತೂರಿಸುವುದಿಲ್ಲ. ದೊಡ್ಡವರಿಗೆ ಜಾಗ ಬಿಡುವುದೂ ಒಂದು ವಿದ್ಯೆ.

ಸಂಗೀತ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆ ನಮ್ಮ ಸಮಾಜದಲ್ಲಿ ಹಳೆಯದು, ಅದು ನಡೆಯಲಿ. ನಮಾಜನ್ನೂ ಬಿಡದೆ, ಕಾಶಿ ವಿಶ್ವನಾಥನ ಗುಡಿಯ ಸೇವೆಯನ್ನೂ ಬಿಡದೆ ಬಾಳಿದ ಉಸ್ತಾದರಿಗೆ 2001ರಲ್ಲಿ ಭಾರತರತ್ನ ಬಂತು. 2006ರಲ್ಲಿ ಅವರು ಕಣ್ಮುಚ್ಚಿದಾಗ ದೇಶ ಮರ್ಯಾದೆಯಿಂದ ಬೀಳ್ಕೊಟ್ಟಿತು. ಅದೇ ವಾದ್ಯ ಹಿಡಿದ ಹಳ್ಳಿಯವನಿಗೆ ಆ ಮರ್ಯಾದೆ ಏಕಿಲ್ಲ ಎನ್ನುವುದು ನಮ್ಮ ತಕರಾರು. ಅದು ಹರಾಮು ಹಲಾಲಿನ ಪ್ರಶ್ನೆಯಲ್ಲ, ಜಾತಿಯ ಪ್ರಶ್ನೆ. ಪಂಕ್ತಿಭೇದಕ್ಕೆ ಜಾಗವಿಲ್ಲ ಎನ್ನುವ ದೀನಿನವರಾದ ನಾವೂ ಇದಕ್ಕೆ ಉತ್ತರ ಹೇಳಬೇಕಾದವರೇ.

ತೆರೆಯ ಮೇಲಿನ ಅಪ್ಪಣ್ಣನಿಗಾಗಿ ಅತ್ತ ಊರುಗಳು ಚಪ್ಪರದ ಹೊರಗಿನ ಅಪ್ಪಣ್ಣನನ್ನು ಒಳಗೆ ಕರೆಯಲು ತಡಮಾಡಿದವು. ಈಗ ಎಷ್ಟೋ ಮದುವೆ ಹಾಲುಗಳಲ್ಲಿ ಸನಾದಿ ಮೊಬೈಲಿನಿಂದ ಬರುತ್ತದೆ. ಊಟಕ್ಕೆ ಏಳಿ ಎನ್ನೋಣವೆಂದರೆ ಅಲ್ಲಿ ಯಾರೂ ಕೂತಿಲ್ಲ.