ಪಯುವಿನ ಹಿಮಬಯಲು

ಒಲೆಗೆ ಇನ್ನೊಂದು ಕೊರಡು ದೂಡಿ, ಹತ್ತಿರ ಬನ್ನಿ. ಇದು ಹಿಮದ ಮೇಲೆ ನಡೆದ ಕಥೆ.

ಎಸ್ಟೋನಿಯಾದ ತೆಂಕಣ ಅಂಚಿನಲ್ಲಿ, ವಲ್ಗ ಪಟ್ಟಣದ ಹತ್ತಿರ, ಪಯು ಎಂಬ ಜಮೀನ್ದಾರಿ ದೊಡ್ಡಮನೆ. ಪಯು ಅಂದರೆ ಅಲ್ಲಿಯವರ ಮಾತಿನಲ್ಲಿ ವಿಲೋ ಮರ. ಹೆಸರಿಗೆ ಮರ, ಮನೆಯ ಮುಂದೆ ಮಾತ್ರ ಬಟಾಬಯಲು. 1919ರ ಜನವರಿ 31ರಂದು ಆ ಮನೆಯಲ್ಲಿ ಸೋವಿಯತ್ ರಷ್ಯಾದ ಪರ ಕಾದುತ್ತಿದ್ದ ಲಾಟ್ವಿಯಾದ ಕೆಂಪು ರೈಫಲ್ ದಳದವರು ಮೆಷಿನ್‌ಗನ್ ಹೂಡಿ ಕೂತಿದ್ದರು. ಮಹಾಯುದ್ಧದಲ್ಲಿ ಪಳಗಿದ ಕೈಗಳು. ಅವರನ್ನು ಕದಲಿಸದೆ ವಲ್ಗ ದಕ್ಕುವಂತಿರಲಿಲ್ಲ. ರೀಗಾದ ಹಳಿ, ಪ್ಸ್ಕೋವ್‌ನ ಹಳಿ, ತಾರ್ತುವಿನ ಹಳಿ, ಮೂರೂ ಕೂಡುವ ಜಂಕ್ಷನ್ ಅದು.

ಎದುರಿಗಿದ್ದವರು ಎಸ್ಟೋನಿಯಾದ ಸ್ವಾತಂತ್ರ್ಯಕ್ಕಾಗಿ ಯೂಲಿಯಸ್ ಕುಪೆರ್ಯಾನೋವ್ ಕಟ್ಟಿದ ಸ್ವಯಂಸೇವಕರ ಪಡೆ, ಸುಮಾರು 300 ಜನ. ಕುಪೆರ್ಯಾನೋವ್ ಶಾಲೆಯ ಮೇಷ್ಟ್ರು. ಮಹಾಯುದ್ಧ ಅವರನ್ನು ಸೇನಾಧಿಕಾರಿ ಮಾಡಿತ್ತು. ವಯಸ್ಸು ಬರೀ 24. ಎರಡು ವಾರದ ಹಿಂದೆ ತಾರ್ತು ಬಿಡಿಸಿಕೊಂಡಾಗ ಜೊತೆಗೆ ಕವಚದ ರೈಲುಗಳಿದ್ದವು. ಈ ಸಲ ಸಂಗಸ್ತೆಯಲ್ಲಿ ಸೇತುವೆ ಮುರಿದುಬಿದ್ದಿತ್ತು, ರೈಲು ಬರಲಿಲ್ಲ. ಹಾನ್ಸ್ ಕಾಲ್ಮ್ ನಾಯಕತ್ವದ ಫಿನ್ಲೆಂಡಿನ ಸ್ವಯಂಸೇವಕರು, 'ಉತ್ತರದ ಮಕ್ಕಳು', ಇನ್ನೂ ದಾರಿಯಲ್ಲಿದ್ದರು.

ಮೇಷ್ಟ್ರು ಕಾಯಲಿಲ್ಲ. ಕಾಯಬೇಕಿತ್ತು ಎನ್ನುವವರಿದ್ದಾರೆ. ಬೆಚ್ಚಗೆ ಕೂತು ಆ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ.

ಆ ಬಯಲನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮರೆಗೆ ಒಂದು ಗಿಡವಿಲ್ಲ. ಕಾಲು ಹಿಮದಲ್ಲಿ ಹೂತುಕೊಳ್ಳುತ್ತದೆ, ಓಡೋಣವೆಂದರೆ ಓಟವಿಲ್ಲ. ಮೆಷಿನ್‌ಗನ್ನಿನವನಿಗೆ ಬಿಳಿಯ ಮೇಲೆ ಒಬ್ಬೊಬ್ಬರೂ ಎದ್ದು ಕಾಣುತ್ತಾರೆ. ಬಿದ್ದವರು ಬಿದ್ದರು, ಉಳಿದವರು ಮುಂದಕ್ಕೇ ನಡೆದರು, ಯಾಕೆಂದರೆ ಮೇಷ್ಟ್ರು ಮುಂದಿದ್ದರು. ಹಿಂದೆ ನಿಂತು ಹುಡುಗರನ್ನು ಗುಂಡಿನ ಬಾಯಿಗೆ ಕಳಿಸುವ ಜಾಯಮಾನ ಅವರದ್ದಲ್ಲ. ಅಲ್ಲೇ ಗುಂಡು ತಾಗಿತು.

ಆಮೇಲೆ ಫಿನ್ನರು ಬಂದು ಕೂಡಿಕೊಂಡರು. ಕೈಕೈ ಮಿಲಾಯಿಸಿ ಹೊಡೆದಾಡಿ, ಸಂಜೆಗೆ ದೊಡ್ಡಮನೆ ಹಿಡಿದರು. ಮರುದಿನ ವಲ್ಗ ಅವರದಾಯಿತು.

ಗಾಯಗೊಂಡ ಮೇಷ್ಟ್ರನ್ನು ತಾರ್ತುವಿಗೆ ಸಾಗಿಸಿದರು. ಎರಡು ವಾರದ ಹಿಂದೆ ತಾವೇ ಬಿಡಿಸಿದ ಊರದು. ಫೆಬ್ರವರಿ 2ರಂದು ಅಲ್ಲೇ ಪ್ರಾಣ ಹೋಯಿತು. ರಾದಿ ಸ್ಮಶಾನದಲ್ಲಿ ಮಣ್ಣು ಮಾಡಿದರು. ಪಡೆಗೆ ಅವರ ಹೆಸರೇ ಉಳಿಯಿತು. ಎಸ್ಟೋನಿಯಾದ ಸೇನೆಯಲ್ಲಿ ಇಂದಿಗೂ ಕುಪೆರ್ಯಾನೋವ್ ಬೆಟಾಲಿಯನ್ ಇದೆ.

ಇನ್ನೊಂದು ಮಾತು ಉಳಿದಿದೆ. ಎಸ್ಟೋನಿಯಾ ಸ್ವತಂತ್ರ ದೇಶವೆಂದು ಒಪ್ಪಿ ಸೋವಿಯತ್ ರಷ್ಯಾ ಸಹಿ ಹಾಕಿದ್ದು ಅದೇ ತಾರ್ತುವಿನಲ್ಲಿ, 1920ರ ಫೆಬ್ರವರಿ 2ರಂದು. ಮೇಷ್ಟ್ರು ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ.